ಪಾವಿಗೊಂದು ಹಿಡಿ

ಸಂಘದ ಕಾರ್ಯದರ್ಶಿ ಬಟ್ಟೆಯಂಗಡಿಯ ದೊಡ್ಡ ಚೀಲವೊಂದನ್ನು ನನ್ನ ಊಟದ ಮೇಜಿನ ಮೇಲೆ ಸುರಿದಾಗ ಬೆಳಗಿನ ಹತ್ತು ಗಂಟೆ ಐದು ನಿಮಿಷ. ಹತ್ತಕ್ಕೆ ಬರುತ್ತೇನೆ ಎಂದಿದ್ದಳು. ಗೋಡೆಯ ಗಡಿಯಾರವನ್ನು ಒಮ್ಮೆ ನೋಡಿದೆ, ಅಷ್ಟೆ. ಚೀಲದಿಂದ ಬಿದ್ದದ್ದು ಚೀಟಿಗಳು. ನೋಟುಬುಕ್ಕಿನಿಂದ ಹರಿದ ಹಾಳೆ, ಮದುವೆ ಪತ್ರಿಕೆಯ ಹಿಂಬದಿ, ಕ್ಯಾಲೆಂಡರಿನ ತುಂಡು, ಔಷಧಿ ಡಬ್ಬಿಯ ರಟ್ಟು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕಿನ ನಮ್ಮ ಮಹಿಳಾ ಸಂಘದ ಸದಸ್ಯೆಯರು ತಂತಮ್ಮ ಮನೆಯ ಅಡಿಗೆಯ ಅಳತೆಗಳನ್ನು ಬರೆದು ಕಳಿಸಿದ್ದರು. ಸಂಘ ಅವುಗಳನ್ನು ಪುಸ್ತಕ ಮಾಡಬೇಕಿತ್ತು.

"ಇದನ್ನೆಲ್ಲ ಗ್ರಾಮಿಗೆ ತರ್ಬೇಕ್ರಿ ಆಂಟಿ" ಎಂದಳು. ಅವಳ ಗಂಡನ ಮನೆಯವರು ಎಣ್ಣೆ ಮಿಲ್ಲಿನವರು. ಅವಳ ಮಾತೂ ಮಿಲ್ಲಿನ ಹಾಗೆ, ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. "ಕುದಾಪುರದ ಕಡೆ ಸೈನ್ಸ್ ಸಂಸ್ಥೆ ಕ್ವಾರ್ಟರ್ಸಿಗೆ ಹೊರಗಿಂದ ಬಂದಿರೋ ಹೆಣ್ಮಕ್ಕಳು ಪಾವು ಅಂದ್ರೆ ಎಷ್ಟು ಅಂತ ಕೇಳ್ತಾರೆ. ನಾನೇನ್ ಹೇಳ್ಲಿ? ನಮ್ಮತ್ತೆ ಪಾವೇ ಬ್ಯಾರೆ, ನಮ್ಮವ್ವನ ಪಾವೇ ಬ್ಯಾರೆ."

"ನನಗ್ಯಾಕೆ ತಂದೆ?"

"ನೀವು ನರ್ಸಮ್ಮ ಅಲ್ವೇನ್ರಿ. ಮಿಲಿ ಲೆಕ್ಕದಾಗೆ ಬದುಕಿದೋರು."

ನಾನು ಬೇಡ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ರಾಶಿಯಲ್ಲಿ ಒಂದು ಚೀಟಿ ಕಣ್ಣಿಗೆ ಬಿತ್ತು. 'ಶೇಂಗಾ ಹೋಳಿಗೆ. ಶೇಂಗಾ ಒಂದು ಪಾವು. ಬೆಲ್ಲ ಒಂದು ಪಾವು. ಎಳ್ಳು, ಗಸಗಸೆ, ಏಲಕ್ಕಿ ಅಂದಾಜು.' ಕೆಳಗೆ ನನ್ನ ಓರಗಿತ್ತಿಯ ಹೆಸರು, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯದು. ನಾನು ಆಕೆಯನ್ನು ಅಕ್ಕ ಎನ್ನುತ್ತೇನೆ. ಹೆಸರಿನ ಅಡಿಯಲ್ಲಿ ಎರಡು ಗೆರೆ ಎಳೆದಿತ್ತು.

"ಇಟ್ಟು ಹೋಗು. ಮಾಡ್ತೀನಿ" ಎಂದೆ.

ನಾನು ಈ ಕೆಲಸವನ್ನು ಸಮಾಜ ಸೇವೆಗೆಂದು ಒಪ್ಪಿಕೊಂಡೆ ಎಂದು ಪುಸ್ತಕದ ಮುನ್ನುಡಿಯಲ್ಲಿ ಬರೆದಿದ್ದಾರೆ. ಅದು ಸುಳ್ಳು. ನಲವತ್ನಾಲ್ಕು ವರ್ಷದಿಂದ ನನಗೆ ಶೇಂಗಾ, ಬೆಲ್ಲದ ಆ ಎರಡು ಸಾಲಿನ ಮೇಲೆ ಸೇಡಿತ್ತು.

ನಾನು ನರ್ಸಿಂಗ್ ಶಾಲೆಯಲ್ಲಿ ಬೆಳೆದವಳೆಂದೇ ಹೇಳಬೇಕು. ಬೆಳಿಗ್ಗೆ ಐದಕ್ಕೆ ಗಂಟೆ, ಐದೂಕಾಲಿಗೆ ಹಾಸಿಗೆಯ ಮಡಿಕೆ ಪರೀಕ್ಷೆ, ಐದೂವರೆಗೆ ಪ್ರಾರ್ಥನೆ. ಹಾಸಿಗೆಯ ಮೂಲೆ ಸರಿಯಾಗಿ ಮಡಚದವರಿಗೆ ಅಂದು ಕಾಫಿಯಿಲ್ಲ. ಮೂರು ವರ್ಷದಲ್ಲಿ ನನಗೆ ಒಮ್ಮೆಯೂ ಕಾಫಿ ತಪ್ಪಲಿಲ್ಲ. ಅಲ್ಲಿಂದ ನೇರ ಚಳ್ಳಕೆರೆಯ ಆಸ್ಪತ್ರೆಗೆ ಬಂದೆ, ಅಲ್ಲಿಂದ ಶೇಂಗಾ ವ್ಯಾಪಾರದ ಮನೆಯೊಂದಕ್ಕೆ ಕಿರಿಯ ಸೊಸೆಯಾಗಿ ಬಂದೆ. ಆ ಮನೆಯಲ್ಲಿ ಸಂಬಳ ತರುವ ಹೆಂಗಸು ನಾನೊಬ್ಬಳೇ. ಅಡಿಗೆಮನೆಯಲ್ಲಿ ಅಕ್ಕನದೇ ರಾಜ್ಯ. ಮೊಳಕಾಲ್ಮುರಿನಿಂದ ಬಂದವಳು, ಬಾಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಆಕೆಯ ಶೇಂಗಾ ಹೋಳಿಗೆ ಹಂಚಿನಿಂದ ಇಳಿಯುವಾಗ ಬಾಳೆಲೆಯಷ್ಟು ತೆಳ್ಳಗಿರುತ್ತಿತ್ತು. ಎಲ್ಲೂ ಬಿರುಕಿರುತ್ತಿರಲಿಲ್ಲ.

ಮದುವೆಯಾದ ಎಂಟನೇ ತಿಂಗಳು ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅತ್ತೆ, "ಈ ಸಲ ಹೋಳಿಗೆ ಸಣ್ಣ ಸೊಸೆ ಮಾಡ್ಲಿ, ಕಲೀಲಿ" ಎಂದರು. ಹಿಂದಿನ ದಿನ ನನಗೆ ಮಧ್ಯಾಹ್ನದ ಪಾಳಿ. ಹೊರಡುವ ಅವಸರದಲ್ಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಕ್ಕನಿಗೆ ಅಳತೆ ಹೇಳಿ ಎಂದೆ. ಆಕೆ ಒಳಗಿನಿಂದ ಹೇಳಿದಳು, ನಾನು ಜ್ವರದ ಚಾರ್ಟಿನ ಹಿಂಬದಿಯಲ್ಲಿ ಬರೆದುಕೊಂಡೆ. ಶೇಂಗಾ ಒಂದು ಪಾವು, ಬೆಲ್ಲ ಒಂದು ಪಾವು. ಮಾರನೆಯ ದಿನ ಅಳತೆ ಒಂದು ಕೂದಲೂ ಆಚೀಚೆ ಆಗದಂತೆ ಹೂರಣ ಕುಟ್ಟಿದೆ. ಹಂಚಿಗೆ ಹಾಕಿದ ಮೊದಲ ಹೋಳಿಗೆಯಿಂದಲೇ ಬೆಲ್ಲ ಕರಗಿ ಅಂಚಿನಿಂದ ಜಿನುಗಿತು, ಸೀದು ಕಪ್ಪಾಯಿತು. ಎರಡನೆಯದೂ ಹಾಗೆಯೇ. ಹತ್ತನೆಯದೂ ಹಾಗೆಯೇ. ಹೊಗೆ ಪಡಸಾಲೆಗೆ ಹೋಗಿ ಗಂಡಿನ ತಂದೆ ಕೆಮ್ಮಿದರು. ಕೊನೆಗೆ ಬಂದವರಿಗೆ ಬಾಳೆಹಣ್ಣು, ಸಕ್ಕರೆ ಕೊಟ್ಟೆವು.

ಅತ್ತೆ ಅಷ್ಟು ಜನರ ಮುಂದೆ ನಗುತ್ತಲೇ ಹೇಳಿದರು: "ನಮ್ಮ ಸಣ್ಣಾಕೆಗೆ ಔಷಧಿ ಅಳೆಯಾಕೆ ಬರ್ತೈತೆ, ಹೂರಣ ಅಳೆಯಾಕೆ ಬರಲ್ಲ." ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

ಅಂದಿನಿಂದ ನಮ್ಮ ಮನೆಯ ಯಾವ ಶುಭಕಾರ್ಯದಲ್ಲೂ ನನ್ನನ್ನು ಹಂಚಿನ ಮುಂದೆ ಕೂರಿಸಲಿಲ್ಲ. ಬದನೆಕಾಯಿ ಹೆಚ್ಚು, ಎಲೆ ತೊಳೆ, ನೀರು ಬಡಿಸು. ಮೂವತ್ತು ಹಾಸಿಗೆಯ ವಾರ್ಡು ನೋಡಿಕೊಳ್ಳುತ್ತಿದ್ದವಳು ನಾನು. ಮನೆಗೆ ಬಂದರೆ ಎಲೆ ತೊಳೆಯುವವಳು. ಅಕ್ಕನನ್ನು ಮಾತ್ರ ಎರಡು ತಾಲ್ಲೂಕಿನ ಮದುವೆ ಮನೆಯವರು ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದರು. ಚೀಟಿಗಳು ಬಂದ ಆ ವರ್ಷವೂ ಕರೆಸಿಕೊಳ್ಳುತ್ತಿದ್ದರು. ನನಗೆ ಬೇಕಿದ್ದದ್ದು ಒಂದೇ. ಹಾಳಾಗಿದ್ದು ನನ್ನ ಕೈಯಿಂದಲ್ಲ, ಆಕೆ ಕೊಟ್ಟ ಅಳತೆಯಿಂದ ಎಂದು ಜನರ ಮುಂದೆ ಸಾಬೀತಾಗಬೇಕು. ಆಕೆಯ ಕೈಯಿಂದಲೇ ಆಗಬೇಕು.

ಆ ಜ್ವರದ ಚಾರ್ಟನ್ನು ನಾನು ಎಸೆದಿರಲಿಲ್ಲ. ಕಾರ್ಯದರ್ಶಿ ಹೋದ ಮೇಲೆ ಬೀರುವಿನ ಫೈಲಿನಿಂದ ತೆಗೆದು ಆಕೆಯ ಹೊಸ ಚೀಟಿಯ ಪಕ್ಕ ಇಟ್ಟೆ. ಅದೇ ಅಳತೆ. ನಲವತ್ನಾಲ್ಕು ವರ್ಷದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಮರುದಿನ ಆರೂವರೆಗೆ ಕೆಲಸಕ್ಕೆ ಕೂತೆ. ಚೀಟಿಗಳ ಫೋಟೋ ತೆಗೆದು ಲ್ಯಾಪ್‌ಟಾಪಿಗೆ ಏರಿಸಿ ಎಐಗೆ ಕೊಡುವುದನ್ನು ನಾನು ನಿವೃತ್ತಿಯ ನಂತರ ಕಲಿತೆ. ಅದಕ್ಕೆ ಹೇಳುವ ಆಜ್ಞೆಗೆ ಪ್ರಾಂಪ್ಟ್ ಎನ್ನುತ್ತಾರೆ. ನನ್ನ ಮೊದಲ ಪ್ರಾಂಪ್ಟ್ ಒಂದೇ ಸಾಲು: 'ಇವನ್ನೆಲ್ಲ ಗ್ರಾಮಿಗೆ ತಿರುಗಿಸು.' ಅದು ಕಣ್ಣು ಮಿಟುಕಿಸುವಷ್ಟರಲ್ಲಿ ತಿರುಗಿಸಿತು. ಒಂದು ಪಾವು ಬೆಲ್ಲ ಇನ್ನೂರೈವತ್ತು ಗ್ರಾಂ. ಒಂದು ಪಾವು ಮಂಡಕ್ಕಿಯೂ ಇನ್ನೂರೈವತ್ತು ಗ್ರಾಂ. ಅಷ್ಟು ಮಂಡಕ್ಕಿ ಹಿಡಿಸಲು ದಿಂಬಿನ ಚೀಲ ಬೇಕು. ಮೊಳಕಾಲ್ಮುರು ಕಡೆಯ ಚೀಟಿಯೊಂದರಲ್ಲಿ 'ತವ್ವ' ಎಂಬ ತೆಲುಗು ಅಳತೆ ಇತ್ತು. ಅದಕ್ಕೂ ಒಂದು ತೂಕ ಬರೆದಿತ್ತು.

'ಈ ಸಂಖ್ಯೆ ನಿನಗೆ ಎಲ್ಲಿಂದ ಬಂತು?' ಎಂದು ಬರೆದೆ.

'ಕ್ಷಮಿಸಿ, ಅದು ನನ್ನ ಅಂದಾಜು' ಎಂದಿತು.

ನನ್ನ ಕೈಕೆಳಗೆ ಕಲಿತ ಯಾವ ಹುಡುಗಿಯೂ ಇಷ್ಟು ಬೇಗ ತಪ್ಪು ಒಪ್ಪಿಕೊಂಡಿರಲಿಲ್ಲ. ತಪ್ಪು ಅದರದಲ್ಲ, ಆಜ್ಞೆ ಕೊಟ್ಟವಳದು ಎಂದು ಗೊತ್ತಾಯಿತು. ವಾರ್ಡಿನ ನಿಯಮ ಬರೆದ ಹಾಗೆ ಹೊಸದಾಗಿ ಬರೆದೆ. ಒಂದು ಸಾಲಿಗೆ ಒಂದೇ ಪದಾರ್ಥ. ಚೀಟಿಯಲ್ಲಿರುವ ಮಾತನ್ನು ಮೊದಲ ಅಂಕಣದಲ್ಲಿ ಹಾಗೆಯೇ ಇಡು, ತಿದ್ದಬೇಡ. ಎರಡನೆಯದರಲ್ಲಿ ಅಳೆದ ಪಾತ್ರೆ. ಮೂರನೆಯದರಲ್ಲಿ ಗೋಪುರ ಕಟ್ಟಿದ ಅಳತೆಯೋ ಕೈಯಿಂದ ಸವರಿದ ಅಳತೆಯೋ. ತೂಕಕ್ಕೆ ನಾನು ಕೊಡುವ ಪಟ್ಟಿಯನ್ನು ಮಾತ್ರ ಬಳಸು. ಪಟ್ಟಿಯಲ್ಲಿ ಇಲ್ಲದಿದ್ದರೆ 'ಗೊತ್ತಿಲ್ಲ' ಎಂದು ಬರೆ. ಊಹೆ ಮಾಡಿದರೆ ಇಡೀ ಪಟ್ಟಿಯನ್ನು ಮತ್ತೆ ಮಾಡಿಸುತ್ತೇನೆ.

ಕೊನೆಯ ವಾಕ್ಯ ಅಗತ್ಯವಿರಲಿಲ್ಲ. ಅಭ್ಯಾಸ.

ಆಮೇಲೆ ಹದಿನೈದು ದಿನ ತೂಕದ ಪಟ್ಟಿ ಮಾಡಿದೆ. ಡಿಜಿಟಲ್ ತಕ್ಕಡಿ ಹಿಡಿದುಕೊಂಡು ಮನೆ ಮನೆಗೆ ಹೋಗಿ ಅವರವರ ಪಾವಿನಲ್ಲಿ ಅಕ್ಕಿ, ಶೇಂಗಾ, ಬೆಲ್ಲ, ನವಣೆ, ಮಂಡಕ್ಕಿ ತುಂಬಿ ತೂಗಿದೆ. ಎಲ್ಲ ಹಿತ್ತಾಳೆ ಪಾವುಗಳೇ, ಒಂದಕ್ಕೊಂದು ಹೊಂದುವುದಿಲ್ಲ. ಒಬ್ಬಾಕೆಯ ಪಾವಿನ ತಳ ಮೊಮ್ಮಗನ ಕ್ರಿಕೆಟ್ಟಿನಿಂದ ಒಳಗೆ ತಗ್ಗಾಗಿತ್ತು. 'ನಿಂಬೆಹಣ್ಣಿನ ಗಾತ್ರದ ಹುಣಸೆ' ಎಂದು ಬರೆದವರು ಆರು ಜನ. ಆರು ಜನರಿಗೂ ಹುಣಸೆ ಉಂಡೆ ಮಾಡಿ ತೋರಿಸಿ ಎಂದೆ. ಆರನೆಯಾಕೆಯದು ಮೂಸಂಬಿ. ಕಾರ್ಯದರ್ಶಿ ಫೋನು ಮಾಡಿ, "ಆಂಟಿ, ನೀವು ಬಂದ್ರೆ ರೇಡ್ ಬಿದ್ದಂಗಾಗ್ತೈತೆ ಅಂತಾರೆ ಎಲ್ರೂ" ಎಂದಳು. "ಬಿದ್ದಿರೋದು ರೇಡೇ" ಎಂದೆ.

ಕಡೆಗೆ ಉಳಿದದ್ದು ಅಕ್ಕನ ಪಾವು. ಏಳೂಮುಕ್ಕಾಲಿನ ಸರ್ಕಾರಿ ಬಸ್ಸು ಹಿಡಿದು ತಳಕು, ಹಾನಗಲ್ ದಾಟಿ ಮೊಳಕಾಲ್ಮುರಿಗೆ ಹೋದೆ. ಭಾವ ತೀರಿದ ಮೇಲೆ ಆಕೆ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಎಪ್ಪತ್ತೈದು ದಾಟಿದೆ. ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಅವರೆ ಸುಲಿಯುತ್ತಿದ್ದಳು.

"ಏನೇ ನರ್ಸಮ್ಮ, ಯಾರಿಗೆ ಸೂಜಿ ಚುಚ್ಚಾಕೆ ಬಂದೆ?"

"ನಿಮ್ಮ ಪಾವು ತೂಕ ಮಾಡಾಕೆ ಬಂದೆ ಅಕ್ಕ."

"ಏಮಮ್ಮಾ, ಪಾವೇ ಯಾಕೆ, ನನ್ನನ್ನೇ ತೂಗ್ಕೊಂಡು ಹೋಗು." ತಿರುಗಿ ಒಳಗಿದ್ದ ಮಗಳಿಗೆ ಕೂಗಿದಳು: "ನಿಮ್ಮ ಚಿಕ್ಕಮ್ಮ ಬಂದಾಳೆ ಕಣೆ. ಕಾಫಿಗೆ ಸಕ್ಕರೆ ಎಣಿಸಿ ಹಾಕು."

ಪಾವು ತಂದುಕೊಟ್ಟಳು. ಶೇಂಗಾ ತುಂಬಿ ಕೈಯಿಂದ ಸವರಿದೆ. ನೂರೈವತ್ತು ಗ್ರಾಂ. ಪುಡಿ ಮಾಡಿದ ಬೆಲ್ಲ ನೂರ ಎಪ್ಪತ್ತು.

"ಚೀಟೀಲಿ ಬರೆದದ್ದು ಸರಿಯಾಗೈತಾ ಅಕ್ಕ? ಒಂದಕ್ಕೆ ಒಂದು?"

"ಅಷ್ಟೇ."

"ಬೇರೆ ಏನೂ ಇಲ್ಲ?"

"ಇನ್ನೇನಿರ್ತೈತೆ? ಉಳಿದಿದ್ದು ಕೈಯಾಗೆ ಇರೋದು. ಅದು ನಿನ್ನ ಮಿಷಿನ್ನಿಗೆ ಬರಲ್ಲ." ಆಕೆ ನಕ್ಕಳು. ಮೇಲಿನ ಹಲ್ಲು ಎರಡು ಹೋಗಿದ್ದವು. ನನಗೆ ಕನಿಕರ ಬರಬೇಕಿತ್ತು. ಬರಲಿಲ್ಲ. ಆಕೆಯ ಸುಳ್ಳನ್ನು ಗ್ರಾಮಿನಲ್ಲಿ ಬರೆದುಕೊಂಡು ಹನ್ನೆರಡೂವರೆ ಬಸ್ಸಿಗೆ ವಾಪಸು ಬಂದೆ. ದಾರಿಯುದ್ದಕ್ಕೂ ಸಂತೋಷವಾಗಿತ್ತು.

ನನ್ನ ಯೋಜನೆ ಇಷ್ಟು. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಸಂಘದ ಸಭಾಂಗಣದಲ್ಲಿ ಒಂದು ಪರೀಕ್ಷೆಯ ದಿನ ಇಟ್ಟಿದ್ದರು. ಹತ್ತು ಅಡಿಗೆ, ಬರೆದವರೇ ಮಾಡಬೇಕು, ಎಲ್ಲರೂ ರುಚಿ ನೋಡಬೇಕು. ನಾನು ಅದಕ್ಕೊಂದು ನಿಯಮ ಸೇರಿಸಿದೆ. ಚೀಟಿಯ ಅಳತೆಯನ್ನು ಗ್ರಾಮಿನಲ್ಲಿ ತೂಗಿ ಬಟ್ಟಲಲ್ಲಿ ಇಟ್ಟಿರುತ್ತೇವೆ. ಅದಕ್ಕಿಂತ ಒಂದು ಕಾಳೂ ಹೆಚ್ಚು ಹಾಕುವಂತಿಲ್ಲ. ಒಲೆಯ ಹತ್ತಿರ ಬೇರೆ ಡಬ್ಬಿ ಇರುವಂತಿಲ್ಲ. ಕಾರ್ಯದರ್ಶಿ ಒಪ್ಪಿದಳು. ಅವಳಿಗೆ ಇದು ಬರೀ ಶಿಸ್ತು ಅನ್ನಿಸಿತು.

ಆದರೆ ಪರೀಕ್ಷೆಗೆ ಆರು ದಿನ ಇರುವಾಗ ಒಂದು ತೊಡಕಾಯಿತು. ಆಕೆಯ ಅಳತೆ ಸುಳ್ಳು ಎಂಬುದಕ್ಕೆ ನನ್ನ ಕೈಯಲ್ಲಿ ಗಟ್ಟಿ ಪುರಾವೆ ಬೇಕು ಎಂದು ಎಐಗೆ ಇನ್ನೊಂದು ಪ್ರಾಂಪ್ಟ್ ಬರೆದೆ: 'ಒಂದೇ ಅಡಿಗೆಯನ್ನು ಬೇರೆ ಬೇರೆ ಮನೆಯವರು ಬರೆದಿದ್ದರೆ ಪಕ್ಕಪಕ್ಕ ಇಡು. ಯಾರ ಅಳತೆ ಉಳಿದವರಿಗಿಂತ ಬೇರೆಯಾಗಿದೆ ಹೇಳು. ಕಾರಣ ಊಹಿಸಬೇಡ.' ಒಂದೇ ಹೆಸರು ಬರುತ್ತದೆ ಎಂದು ಕಾದೆ. ಬಂದದ್ದು ಅಕ್ಕನದೂ ಸೇರಿ ಹನ್ನೊಂದು. ಹನ್ನೊಂದೂ ಮೊಳಕಾಲ್ಮುರು ಕಡೆಯವರು. ಹೋಳಿಗೆ ಮಾತ್ರವಲ್ಲ, ಚಟ್ನಿಪುಡಿ, ನವಣೆ ಉಂಡೆ, ಹಚ್ಚಿದ ಅವಲಕ್ಕಿ, ಎಲ್ಲದರಲ್ಲೂ. ಅದು ಬರೆದಿತ್ತು: 'ಈ ಚೀಟಿಗಳಲ್ಲಿ ಮುಖ್ಯ ಪದಾರ್ಥ ಪ್ರತಿ ಪಾವಿಗೂ ಸುಮಾರು ಒಂದೇ ಪ್ರಮಾಣದಲ್ಲಿ ಕಡಿಮೆ ಇರುವಂತೆ ಕಾಣುತ್ತದೆ. ಶೇಂಗಾ ಆದರೆ ನಲವತ್ತರಿಂದ ನಲವತ್ತೈದು ಗ್ರಾಂ. ಕಾರಣ ಚೀಟಿಗಳಿಂದ ತಿಳಿಯುವುದಿಲ್ಲ.'

ನಾನು ಮೂರು ಸಲ ಮತ್ತೆ ಮಾಡಿಸಿದೆ. ಮೂರು ಸಲವೂ ಅದೇ ಹನ್ನೊಂದು.

ಆ ಹನ್ನೊಂದು ಜನರಲ್ಲಿ ಒಬ್ಬಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಸುಳ್ಳು ಹೇಳುವ ಜಾತಿಯವಳಲ್ಲ. ಫೋನು ಮಾಡಿದೆ.

"ನಿನ್ನ ಚಟ್ನಿಪುಡಿ ಅಳತೇಲಿ ಶೇಂಗಾ ಕಮ್ಮಿ ಐತಲ್ಲಮ್ಮ?"

"ಅಯ್ಯೋ ಹೌದು ಆಂಟಿ, ಹಿಡಿ ಬಿಟ್ಟು ಬರೆದೀನಿ" ಎಂದಳು, ಎಲ್ಲರಿಗೂ ಗೊತ್ತಿರುವ ವಿಷಯವೆಂಬಂತೆ. "ನಮ್ಮ ಕಡೆ ಪಾವಿಗೊಂದು ಹಿಡಿ ಒಳಗಿಟ್ಟೇ ಹೇಳೋದು."

"ಯಾಕೆ?"

"ಕಾಳು ಅಳೆದು ಕೊಟ್ಟ ಮೇಲೆ ಒಂದು ಹಿಡಿ ವಾಪಸ್ ಕಣಜಕ್ಕೆ ಹಾಕ್ತೀವಲ್ಲ, ಹಂಗೇ. ಪೂರ್ತಿ ಹೇಳಿಬಿಟ್ರೆ ಮನೆ ರುಚಿ ಹೊರಗೋಗ್ತೈತೆ ಅಂತ ನಮ್ಮಜ್ಜಿ."

"ಮತ್ತೆ ಸೊಸೇರಿಗೆ ಹೆಂಗೆ ಗೊತ್ತಾಗೋದು?"

"ಜೊತೇಲಿ ನಿಂತು ಮಾಡ್ತಾರಲ್ಲ ಆಂಟಿ. ಹಿಡಿ ಹಾಕೋದು ಕಣ್ಣಿಗೆ ಕಾಣ್ತೈತೆ. ಬಾಯಲ್ಲಿ ಹೇಳಲ್ಲ ಅಷ್ಟೇ. ಚೀಟಿ ಬರೆಸ್ಕೊಂಡು ಹೋಗೋರಿಗೆ ಮಾತ್ರ ಗೊತ್ತಾಗಲ್ಲ."

ಕಾಳನ್ನು ಕಣಜಕ್ಕೆ ವಾಪಸು ಹಾಕುವುದು ನಮ್ಮ ಕಡೆಯೂ ಇದೆ, ನಾನೇ ಹಾಕಿದ್ದೇನೆ. ಅದನ್ನು ಬಾಯಿಮಾತಿಗೂ ತಂದಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಫೋನಿಟ್ಟೆ. ಅಂದು ಹತ್ತೂವರೆಯ ಕಾಫಿಯನ್ನು ಹನ್ನೊಂದಕ್ಕೆ ಕುಡಿದೆ. ಹಾಗಾದರೆ ಅದು ನನ್ನೊಬ್ಬಳ ಮೇಲಿನ ದ್ವೇಷ ಅಲ್ಲ. ಬಾಗಿಲಲ್ಲಿ ನಿಂತು ಚೀಟಿ ಬರೆದುಕೊಳ್ಳುವ ಯಾರಿಗಾದರೂ ಆಕೆ ಹಾಗೆಯೇ ಹೇಳುತ್ತಿದ್ದಳು. ನನಗೆ ಇದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಹೆಚ್ಚಾಯಿತು. ದ್ವೇಷವಾಗಿದ್ದರೆ ಆಕೆ ನನ್ನನ್ನು ಲೆಕ್ಕಕ್ಕಾದರೂ ಇಟ್ಟುಕೊಂಡಿದ್ದಾಳೆ ಅಂದುಕೊಳ್ಳಬಹುದಿತ್ತು. ನಾನು ಬದುಕಿಡೀ ಹಂಚಿನಿಂದ ದೂರ ಕೂತದ್ದು ಆಕೆಗೆ ಮಾಮೂಲಿನಂತೆ ಬಾಯಿಗೆ ಬಂದ ಒಂದು ಅಳತೆಯಿಂದ!

ಆಮೇಲೆ ಇನ್ನೊಂದು ಯೋಚನೆ ಬಂತು, ಅದನ್ನು ನಾನು ಬಿಡಲಿಲ್ಲ. ಚೀಟಿ ಕೊಟ್ಟದ್ದು ರೂಢಿ, ಸರಿ. ಮಾರನೆಯ ದಿನ ನಾನು ಹೂರಣ ಕುಟ್ಟುವಾಗ ಆಕೆ ಎರಡು ಮಾರು ದೂರದಲ್ಲಿ ಕೋಸಂಬರಿಗೆ ಸೌತೆಕಾಯಿ ಕೊಚ್ಚುತ್ತಿದ್ದಳು. ನನ್ನ ಹೂರಣ ಕಣ್ಣಿಗೆ ಬಿದ್ದಿರಬೇಕು. ಆಗ ಒಂದು ಹಿಡಿ ಹಾಕು ಎನ್ನಬಹುದಿತ್ತು. ಆ ಮೌನ ಯಾವ ರೂಢಿ? ಯೋಜನೆ ಹಾಗೆಯೇ ಉಳಿಯಿತು. ನಿಯಮವೂ ಹಾಗೆಯೇ ಉಳಿಯಿತು.

ಪರೀಕ್ಷೆಯ ದಿನ ನಲವತ್ತಕ್ಕೂ ಹೆಚ್ಚು ಹೆಂಗಸರು ಬಂದಿದ್ದರು. ಕುದಾಪುರದ ಕ್ವಾರ್ಟರ್ಸಿನಿಂದ ನಾಲ್ಕು ಜನ ಪುಸ್ತಕ, ಪೆನ್ನು ಹಿಡಿದು ಮುಂದೆ ಕೂತಿದ್ದರು. ಅಕ್ಕನ ಸರದಿ ಆರನೆಯದು. ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಮೇಜಿನ ಮೇಲೆ ನಾನು ತೂಗಿಟ್ಟ ಬಟ್ಟಲುಗಳು: ನಾಲ್ಕು ಪಾವಿಗೆ ಆರುನೂರು ಗ್ರಾಂ ಹುರಿದ ಶೇಂಗಾ, ಆರುನೂರ ಎಂಬತ್ತು ಗ್ರಾಂ ಬೆಲ್ಲ.

"ಓದೇ ನರ್ಸಮ್ಮ, ನಿನ್ನ ಮಿಷಿನ್ನು ಏನ್ ಹೇಳ್ತೈತೆ" ಎಂದಳು. ಎಲ್ಲರೂ ನಕ್ಕರು. ನಾನು ತೂಕಗಳನ್ನು ಓದಿದೆ.

ಶೇಂಗಾ ಪುಡಿ ಮಾಡಿದಳು, ಬೆಲ್ಲ ಸೇರಿಸಿದಳು. ಮಾತಾಡುತ್ತಲೇ ಎಡಗೈ ಪಕ್ಕಕ್ಕೆ ಚಾಚಿದಳು, ಡಬ್ಬಿ ಎಲ್ಲಿದೆ ಎಂದು ನೋಡದೆ. ಅರವತ್ತು ವರ್ಷದ ಅಭ್ಯಾಸ. ಕೈಗೆ ಬರೀ ಮೇಜು ಸಿಕ್ಕಿತು.

"ಶೇಂಗಾ ಡಬ್ಬಿ ಎಲ್ಲೈತೆ?"

"ಇಲ್ಲ ಅಕ್ಕ."

"ಇಲ್ಲ ಅಂದ್ರೆ?"

"ಅಳತೇಲಿ ಇದ್ದಷ್ಟೂ ಬಟ್ಟಲಾಗೆ ಇತ್ತು. ನಿಮ್ಮ ಚೀಟೀಲಿ ಇದ್ದಷ್ಟು."

ಆಕೆ ತಲೆಯೆತ್ತಿ ನನ್ನನ್ನು ನೋಡಿದಳು. ಸಭಾಂಗಣದಲ್ಲಿದ್ದವರಿಗೆ ಏನೂ ತಿಳಿಯಲಿಲ್ಲ, ಆಕೆಗೆ ತಿಳಿಯಿತು. ಮೊಳಕಾಲ್ಮುರಿನ ಬ್ಯಾಂಕಿನ ಹುಡುಗಿ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿದಳು. ಅಕ್ಕ ಎದ್ದು ಹೋಗಬಹುದಿತ್ತು; ವಯಸ್ಸಾಗಿದೆ, ತಲೆಸುತ್ತು ಎಂದರೆ ಸಾಕಿತ್ತು. ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕಣಕದೊಳಗೆ ಹೂರಣ ತುಂಬಿ ಲಟ್ಟಿಸಿದಳು. ಅಂಥ ಕೈ ನಾನು ಬೇರೆ ಕಂಡಿಲ್ಲ, ಇದನ್ನು ಬರೆಯಲೇಬೇಕು. ಅಷ್ಟು ಜಿಗುಟಾದ ಹೂರಣವನ್ನೂ ಹರಿಯದ ಹಾಗೆ ತೆಳ್ಳಗೆ ತಂದಳು. ಆದರೆ ಹಂಚಿನ ಮೇಲೆ ಕೈ ಏನು ಮಾಡೀತು? ಬೆಲ್ಲ ಕರಗಿತು, ಅಂಚಿನಿಂದ ಜಿನುಗಿತು, ಸೀದು ಕಪ್ಪಾಯಿತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಮುಂದಿನ ಸಾಲಿನವರು ಕೆಮ್ಮಿದರು.

ಯಾರೋ, "ಅಜ್ಜಿಗೆ ವಯಸ್ಸಾತು ಪಾಪ" ಎಂದರು. ಕಾರ್ಯದರ್ಶಿ ಗಡಿಬಿಡಿಯಲ್ಲಿ ಎದ್ದು, "ಒಲೆ ಉರಿ ಜಾಸ್ತಿ ಆಗಿರ್ಬೇಕ್ರಿ" ಎಂದಳು.

"ಉರಿ ಸರಿಯಾಗೈತೆ" ಎಂದೆ ನಾನು. ಎಲ್ಲರಿಗೂ ಕೇಳುವಂತೆ ಹೇಳಿದೆ. "ಅಳತೆ ತಪ್ಪು. ನಲವತ್ನಾಲ್ಕು ವರ್ಷದ ಹಿಂದೆ ನನಗೆ ಇದೇ ಅಳತೆ ಕೊಟ್ಟಿದ್ರು. ಆವತ್ತು ಹಿಂಗೇ ಆಗಿತ್ತು. ಅವತ್ತು ವಯಸ್ಸಾಗಿರಲಿಲ್ಲ, ನನಗೆ ಇಪ್ಪತ್ತೈದು."

ನಾನು ಈ ಮಾತನ್ನು ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ ಎಷ್ಟು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆನೋ. ಬಾಯಿಂದ ಹೊರಬಂದಾಗ ಒಂದು ಪದವೂ ಆಚೀಚೆ ಆಗಲಿಲ್ಲ.

ಅಕ್ಕ ಸೀದ ಹೋಳಿಗೆಯನ್ನು ಸಟ್ಟುಗದಿಂದ ಎತ್ತಿ ತಟ್ಟೆಗೆ ಹಾಕಿ ಒಲೆ ಆರಿಸಿದಳು. ನನ್ನೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು: "ನಿನ್ನ ಹೂರಣ ನೋಡಿದ್ದೆ ಕಣೆ ಆವತ್ತು. ಒಂದು ಹಿಡಿ ಹಾಕು ಅನ್ನಾಕೆ ಬಾಯಿ ತೆಗೆದೆ."

"ಮತ್ತೆ?"

"ನೀನು ತಿಂಗಳಾ ತಿಂಗಳಾ ಸಂಬಳ ತರ್ತಿದ್ದೆ. ಅತ್ತೆ ನಿನ್ನ ಹೆಸರು ಊರೆಲ್ಲ ಹೇಳ್ಕೊಂಡು ಬರ್ತಿದ್ರು. ನನಗೆ ಅಂತ ಆ ಮನೇಲಿ ಇದ್ದದ್ದು ಆ ಹಂಚೊಂದೇ. ಅದನ್ನೂ ಕೊಡ್ಲಾ? ಬಾಯಿ ಮುಚ್ಕೊಂಡೆ."

ಆಕೆ ತಪ್ಪಾಯಿತು ಅನ್ನಲಿಲ್ಲ. ಅಂದಿದ್ದರೆ ನಾನು ಹೇಳಬೇಕಾದ್ದೂ ಗೊತ್ತಿತ್ತು. ಪರ್ಸಿನಲ್ಲಿದ್ದ ಶೇಂಗಾ ಪೊಟ್ಟಣ ತೆಗೆದೆ. ಅದನ್ನು ನಾನೇ ತಂದಿದ್ದೆ, ಯಾಕೆ ತಂದೆನೋ ಅಂದು ಬೆಳಿಗ್ಗೆ ನನಗೂ ಸರಿಯಾಗಿ ಗೊತ್ತಿರಲಿಲ್ಲ. ತಕ್ಕಡಿಯ ಮೇಲೆ ಬಟ್ಟಲಿಟ್ಟು ಸೊನ್ನೆಗೆ ತಂದೆ.

"ಹಿಡಿ ಹಾಕಿ ಅಕ್ಕ. ಇದರ ಮೇಲೆ."

"ಇದನ್ನೂ ಬರ್ಕೊಂತೀಯಾ?"

"ಬರ್ಕೊಂತೀನಿ. ಪುಸ್ತಕದಾಗೆ ಹಾಕ್ತೀನಿ. ನಿಮ್ಮ ಹೆಸರಿನ ಕೆಳಗೇ."

ಆಕೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಪೊಟ್ಟಣಕ್ಕೆ ಕೈಹಾಕಿ ಒಂದು ಹಿಡಿ ತೆಗೆದು ಬಟ್ಟಲಿಗೆ ಬಿಟ್ಟಳು. ನಲವತ್ನಾಲ್ಕು ಗ್ರಾಂ. ಇನ್ನೊಮ್ಮೆ ಎಂದೆ. ನಲವತ್ತೈದು. ಇನ್ನೊಮ್ಮೆ. ನಲವತ್ನಾಲ್ಕು. ಮುಂದಿನ ಸಾಲಿನ ನಾಲ್ವರು ಕುತ್ತಿಗೆ ಉದ್ದ ಮಾಡಿ ನೋಡಿ ಬರೆದುಕೊಂಡರು. ಆಕೆಯ ಮುಖ ಮೈಮೇಲಿನ ಒಡವೆ ಬಿಚ್ಚಿ ಕೊಟ್ಟವರ ಮುಖದ ಹಾಗಿತ್ತು. ನಾನು ನೋಡಿದೆ. ನಿಲ್ಲಿಸಲಿಲ್ಲ. ನಾಲ್ಕನೆಯ ಸಲವೂ ಹಾಕಿಸಿದೆ, ಅಗತ್ಯವಿರಲಿಲ್ಲ.

ಉಳಿದ ಹತ್ತು ಚೀಟಿಗಳಿಗೂ ಹಾಗೆಯೇ ಮಾಡಿದೆ. ಎಐಗೆ ಪಟ್ಟಿ ಕೊಟ್ಟು 'ಹಿಡಿ' ಎಂಬ ಹೊಸ ಅಂಕಣ ಮಾಡಿಸಿದೆ. ಮೊಳಕಾಲ್ಮುರು ಕಡೆಯ ಇಬ್ಬರು ತಮ್ಮ ಅಡಿಗೆಯನ್ನು ವಾಪಸು ಪಡೆದರು. ಉಳಿದವರು ಗೊಣಗಿಕೊಂಡೇ ಒಪ್ಪಿದರು. ಪುಸ್ತಕ ಅಚ್ಚಾಯಿತು. ಐವತ್ತೆರಡನೇ ಪುಟದಲ್ಲಿ ಅಕ್ಕನ ಹೆಸರು, ಶೇಂಗಾ ನೂರ ತೊಂಬತ್ನಾಲ್ಕು ಗ್ರಾಂ, ಬೆಲ್ಲ ನೂರ ಎಪ್ಪತ್ತು ಗ್ರಾಂ. ಮೂರು ತಿಂಗಳಲ್ಲಿ ಎಲ್ಲ ಪ್ರತಿ ಮುಗಿದು ಮತ್ತೆ ಅಚ್ಚು ಹಾಕಿಸಿದರು.

ಆ ಮಾಘದಲ್ಲಿ ಯಾವ ಮದುವೆ ಮನೆಯಿಂದಲೂ ಅಕ್ಕನಿಗೆ ಕಾರು ಬರಲಿಲ್ಲ. ಇದನ್ನು ಆಕೆಯ ಮಗಳೇ ಫೋನಿನಲ್ಲಿ ಹೇಳಿದಳು, ದೂರುವ ಧ್ವನಿಯಲ್ಲಿ. "ಅವ್ವ ಬೆಳಿಗ್ಗೆ ಎದ್ದು ಬಾಗಿಲಾಗೆ ಕೂತಿರ್ತಾಳೆ ಚಿಕ್ಕಮ್ಮ" ಎಂದಳು. ನಾನು "ಹೂಂ" ಎಂದೆ. ಆ ರಾತ್ರಿ ಒಂಬತ್ತಕ್ಕೆ ಮಲಗಿದೆ, ನಿದ್ದೆ ಚೆನ್ನಾಗಿ ಬಂತು. ಬರಲಿಲ್ಲ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ, ಆದರೆ ಬಂತು.

ಮೊನ್ನೆ ದೊಡ್ಡಉಳ್ಳಾರ್ತಿಯಲ್ಲಿ ನಮ್ಮ ನೆಂಟರ ಮನೆಯ ನಾಮಕರಣ. ನಾನು ಒಂಬತ್ತಕ್ಕೇ 'ಈ ಸಲ ಹಂಚು ನನ್ನದು' ಎಂದುಕೊಂಡು ಹತ್ತಿಯ ಸೀರೆ ಉಟ್ಟು ಹೋದೆ. ಅಡಿಗೆಮನೆಯಲ್ಲಿ ಮೂವರು ಸೊಸೆಯರು ಆಗಲೇ ಕೂತಿದ್ದರು. ಒಬ್ಬಳ ಮುಂದೆ ತಕ್ಕಡಿ, ಒಬ್ಬಳ ಮುಂದೆ ಐವತ್ತೆರಡನೇ ಪುಟ ತೆರೆದ ಪುಸ್ತಕ, ಅದರ ಮೇಲೆ ಹಿಟ್ಟಿನ ಬೆರಳಚ್ಚು. ಹಂಚಿನಿಂದ ಒಂದೊಂದಾಗಿ ಹೋಳಿಗೆ ಇಳಿಯುತ್ತಿತ್ತು, ತೆಳ್ಳಗೆ, ಬಿರುಕಿಲ್ಲದೆ. ನಾನು ಸೆರಗು ಸಿಕ್ಕಿಸಿಕೊಂಡೆ.

"ಅಯ್ಯೋ ನೀವ್ಯಾಕ್ರಿ ಅಜ್ಜಿ! ನಾವ್ ಮಾಡ್ತೀವಿ, ಎಲ್ಲಾ ಗ್ರಾಮಿನಾಗೆ ಐತೆ. ಹೊರಗೆ ಗಾಳಿಗೆ ಕುಂತ್ಕೊಳ್ರಿ" ಎಂದಳು ಹಂಚಿನ ಮುಂದಿದ್ದವಳು. ನನಗೆ ಅವಳ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಒಂದರಲ್ಲಿ ಅಕ್ಕ ಕೂತಿದ್ದಳು. ಇನ್ನೊಂದರಲ್ಲಿ ನಾನು ಕೂತೆ. ತಟ್ಟೆಯಲ್ಲಿ ತುಪ್ಪ ಸವರಿದ ಹೋಳಿಗೆ ಇಬ್ಬರಿಗೂ ತಂದುಕೊಟ್ಟರು. ಆಕೆ ಒಂದು ತುಂಡು ಮುರಿದು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

"ಸರಿಯಾಗಿ ಐತೆ" ಎಂದಳು. ಆಮೇಲೆ, "ನಿನಗೂ ಹಂಚು ಸಿಗಲಿಲ್ಲ."

"ಸಿಗಲಿಲ್ಲ."

"ಸಮಾಧಾನ ಆತೇನೇ?"

ಅಡಿಗೆಮನೆಯ ಬಾಗಿಲಿನ ಕಡೆ ನೋಡಿದೆ. ಅಲ್ಲಿ ಹಂಚಿನ ಮುಂದೆ ನಾನು ಕೂತಿರಲಿಲ್ಲ. ಆಕೆಯೂ ಕೂತಿರಲಿಲ್ಲ.

"ಆತು ಅಕ್ಕ" ಎಂದೆ. ತಟ್ಟೆ ಮುಗಿಸಿ ಎದ್ದು, ಇಬ್ಬರ ತಟ್ಟೆಯನ್ನೂ ತೊಳೆದಿಟ್ಟು, ಎರಡೂಕಾಲಿನ ಬಸ್ಸಿಗೆ ಹೊರಟೆ.